ಸಕ್ಕರೆ ಕಾಯಿಲೆಯವರ ಮನೆಮಂದಿಗೆ ಒಂದು ಬಹಿರಂಗ ಪತ್ರ

ಕಾಳಗಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಸಕ್ಕರೆ ಕಾಯಿಲೆಯವರ ಜೊತೆ ಬಾಳುವೆ ಮಾಡುತ್ತಿರುವ ಮನೆಮಂದಿಗೆಲ್ಲ,



ಈ ಪತ್ರ ಕಾಯಿಲೆ ಇದ್ದವರಿಗಲ್ಲ. ಅವರ ಹೆಂಡತಿಗೆ, ಗಂಡನಿಗೆ, ಮಗನಿಗೆ, ಸೊಸೆಗೆ, ಅದೇ ಮನೆಯಲ್ಲಿ ಓದಿಕೊಂಡಿರುವ ಮೊಮ್ಮಗಳಿಗೆ. ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಬಹಳ ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವಳು. ಸಕ್ಕರೆ ಏರಿದರೆ ಏನು ಮಾಡಬೇಕೆಂದು ನನಗೇ ಗೊತ್ತು. ಅನ್ನ ಕಡಿಮೆ ಮಾಡುತ್ತೇನೆ, ನಾಲ್ಕು ಹೆಜ್ಜೆ ಹೆಚ್ಚು ನಡೆಯುತ್ತೇನೆ, ಬೆಳಗಾದ ಮೇಲೆ ದವಾಖಾನೆಗೆ ಹೋಗುತ್ತೇನೆ. ಇಳಿದಾಗ ಮಾತ್ರ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಡಬ್ಬಿ ಎಲ್ಲಿದೆ, ಎಷ್ಟು ಚಮಚ ಹಾಕಬೇಕು ಎಂದು ಯೋಚಿಸಬೇಕಾದ ಮಿದುಳಿಗೇ ಆ ಹೊತ್ತಿನಲ್ಲಿ ಸಕ್ಕರೆ ಸಿಗುತ್ತಿರುವುದಿಲ್ಲ. ಆದ್ದರಿಂದ ನಿಮ್ಮ ಹತ್ತಿರ ಮಾತಾಡುವುದು ಅಗತ್ಯವಾಗಿದೆ.

ನಮ್ಮ ಕಡೆ ಈ ಕಾಯಿಲೆಯ ಮಾತು ಬೇಕಾದಷ್ಟು ನಡೆಯುತ್ತದೆ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಸೇಡಂ ಬಸ್ ನಿಲ್ದಾಣದಲ್ಲಿ, ಮದುವೆಯ ಪಂಕ್ತಿಯಲ್ಲಿ ‘ನಿಮ್ಮ ಶುಗರ್ ಎಷ್ಟದರಿ?’ ಅನ್ನುವುದು ಮಳೆ ಬೆಳೆ ವಿಚಾರಿಸಿದಷ್ಟೇ ಸಹಜವಾಗಿಬಿಟ್ಟಿದೆ. ‘ಮುನ್ನೂರು ಅದ’ ಅಂದರೆ ಕೇಳಿದವರು ಹೌಹಾರುತ್ತಾರೆ. ‘ಅರವತ್ತಕ್ಕ ಬಂದದ’ ಅಂದರೆ ‘ಛಲೋ ಆತು ಬಿಡ್ರಿ, ಗುಳಿಗಿ ಕೆಲಸ ಮಾಡ್ಯಾವ’ ಅನ್ನುತ್ತಾರೆ. ಈ ಎರಡನೆಯ ಮಾತು ಜೀವಕ್ಕೆ ಅಪಾಯ. ಮುನ್ನೂರು ಇದ್ದವರಿಗೆ ಹೆಚ್ಚಿನ ಸಲ ನಾಳೆ ಬೆಳಗಿನವರೆಗೆ ಸಮಯ ಇರುತ್ತದೆ. ಅರವತ್ತಕ್ಕೆ ಇಳಿದು ಇನ್ನೂ ಇಳಿಯುತ್ತಿರುವವರಿಗೆ ಇರುವುದು ನಿಮಿಷಗಳು ಮಾತ್ರ.

ಬೆರಳು ಚುಚ್ಚಿ ಸಕ್ಕರೆ ನೋಡುವ ಮಿಷನ್ನಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಸಕ್ಕರೆ ಇಳಿದಿದೆ ಎಂದೇ ಲೆಕ್ಕ. 54ಕ್ಕಿಂತ ಕಡಿಮೆ ಬಂದರೆ ಮಿದುಳಿನ ಕೆಲಸವೇ ತಪ್ಪತೊಡಗುತ್ತದೆ. ದೊಡ್ಡವರ ಮೈಯೊಳಗೆ ಹರಿಯುವ ಅಷ್ಟೂ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಸುಮಾರು ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಮಿದುಳೊಂದೇ ದಿನಕ್ಕೆ 120 ಗ್ರಾಂ ಆಸುಪಾಸು ಬಳಸುತ್ತದೆ. ತನ್ನದೆಂದು ಕೂಡಿಟ್ಟುಕೊಳ್ಳುವ ಗಂಟು ಅದಕ್ಕಿಲ್ಲ, ಹೊತ್ತುಹೊತ್ತಿಗೆ ರಕ್ತದಿಂದಲೇ ಬರಬೇಕು. ಆ ಒಂದು ಚಮಚ ಅರ್ಧ ಚಮಚಕ್ಕೆ ಇಳಿದಾಗ ಮನುಷ್ಯ ಹೇಗೆ ಬದಲಾಗುತ್ತಾನೆ ಎಂಬುದನ್ನು ನೀವು ಗುರುತು ಹಿಡಿಯುವುದನ್ನು ಕಲಿಯಬೇಕು. ಒಳಗಿರುವ ನಮಗೆ ಅದು ತಿಳಿಯದೇ ಹೋಗಬಹುದು.

ಮೊದಲು ಬೆವರು. ಸೆಕೆಗೆ ಬರುವ ಬೆವರಲ್ಲ, ತಣ್ಣನೆಯ ಬೆವರು. ಹಣೆಯ ಮೇಲೆ, ಮೇಲುತುಟಿಯ ಮೇಲೆ, ಕುತ್ತಿಗೆಯ ಹಿಂದೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಎಲ್ಲರೂ ಬೆವರುತ್ತಾರೆ, ನಿಜ. ಆದರೆ ಮುಟ್ಟಿ ನೋಡಿದರೆ ಇವರ ಚರ್ಮ ತಂಪಾಗಿ ಜಿಗುಟಾಗಿರುತ್ತದೆ. ಆಮೇಲೆ ಬೆರಳು ನಡುಗುತ್ತವೆ, ಎದೆ ಬಡಿದುಕೊಳ್ಳುತ್ತದೆ, ಕಿತ್ತು ತಿನ್ನುವಂಥ ಹಸಿವು. ‘ಚಕ್ಕರ್ ಬರಾಕತ್ತದ’ ಅನ್ನುತ್ತಾರೆ. ಇಷ್ಟು ಹೇಳುವ ಸ್ಥಿತಿಯಲ್ಲಿ ಇದ್ದರೆ ಅದು ಅದೃಷ್ಟ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಕೇಳಿದ್ದಕ್ಕೊಂದು ಹೇಳುವುದಕ್ಕೊಂದು, ಇಲ್ಲದ ಸಿಟ್ಟು, ಕಾರಣವಿಲ್ಲದ ಅಳು, ಕಣ್ಣು ತೆರೆದೇ ಎಲ್ಲೋ ನೋಡುತ್ತ ಕೂರುವುದು. ಕೊನೆಗೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು.

ನಮ್ಮ ಅಡುಗೆಮನೆಯಲ್ಲಿ ಒಂದು ಸಂಜೆ ನಡೆದದ್ದನ್ನು ಹೇಳುತ್ತೇನೆ. ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ನೀರು ಸವರುವುದು ಬಿಟ್ಟು ಅದು ಸೀದು ಹೊಗೆ ಏಳುವುದನ್ನು ನೋಡುತ್ತ ನಿಂತಿದ್ದೆನಂತೆ. ವಾಸನೆಗೆ ಒಳಗೆ ಬಂದ ನಮ್ಮ ಯಜಮಾನರು ‘ಏನಾತು?’ ಅಂದರೆ ‘ಏನೂ ಆಗಿಲ್ಲ, ನೀವು ಹೋಗ್ರಿ ಹೊರಗ’ ಅಂತ ಗದರಿದೆನಂತೆ. ಅವರು ನನ್ನ ಕುತ್ತಿಗೆ ಮುಟ್ಟಿ ನೋಡಿದರು. ಮತ್ತೆ ಏನೂ ಕೇಳಲಿಲ್ಲ. ಒಲೆ ಆರಿಸಿ, ನನ್ನನ್ನು ಕೆಳಗೆ ಕೂರಿಸಿ, ಸ್ಟೀಲ್ ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕಿ ನೀರಲ್ಲಿ ಕಲಕಿ ತುಟಿಗೆ ಹಿಡಿದರು. ನಾನು ಕೈ ತಳ್ಳಿದೆ, ಒಂದಿಷ್ಟು ಸೆರಗಿನ ಮೇಲೆ ಚೆಲ್ಲಿತು. ಅವರು ಮತ್ತೆ ಹಿಡಿದರು. ಗುಟುಕು ಗುಟುಕಾಗಿ ಕುಡಿದೆ. ಸ್ವಲ್ಪ ಹೊತ್ತಿಗೆ ಎದುರಿಗಿರುವವರು ಯಾರೆಂದು ಗೊತ್ತಾಯಿತು, ಸೆರಗು ಯಾಕೆ ಅಂಟುತ್ತಿದೆ ಎಂದು ಕೇಳಿದೆ. ನಡುವಿನದೊಂದೂ ನನಗೆ ನೆನಪಿಲ್ಲ. ಅವರು ಹೇಳಿದ ಮೇಲೆ ತಿಳಿದದ್ದು.

ಇದನ್ನು ಇಷ್ಟು ಬಿಡಿಸಿ ಬರೆದದ್ದಕ್ಕೆ ಕಾರಣ ಇದೆ. ಆ ಹೊತ್ತಿನಲ್ಲಿ ‘ಸಕ್ಕರೆ ಬೇಕಾ?’ ಎಂದು ದಯವಿಟ್ಟು ಕೇಳಬೇಡಿ. ನಾವು ಬೇಡ ಅನ್ನುತ್ತೇವೆ. ‘ನನಗ ಶುಗರ್ ಅದ, ಸಕ್ಕರಿ ಕೊಡಾಕತ್ತಿರೇನು’ ಅಂತ ಜಗಳಕ್ಕೂ ಬರುತ್ತೇವೆ. ಆ ಸಿಟ್ಟು ಕಾಯಿಲೆಯದು. ಅದನ್ನು ಮನಸ್ಸಿಗೆ ಹಚ್ಚಿಕೊಂಡು ‘ಇವರ ಸ್ವಭಾವವೇ ಹೀಗೆ’ ಎಂದು ಎದ್ದು ಹೋದ ಮನೆಗಳಲ್ಲಿ ಆಗಬಾರದ್ದು ಆಗಿದೆ. ನುಂಗುವಷ್ಟು ಎಚ್ಚರ ಇದ್ದರೆ ಮೊದಲು ಕುಡಿಸಿ, ಮಾತು ಆಮೇಲೆ. ಮಿಷನ್ ಕೈಗೆ ಸಿಕ್ಕರೆ ಚುಚ್ಚಿ ನೋಡಿ, ಆದರೆ ಸಕ್ಕರೆ ಮುಟ್ಟಿದ ಬೆರಳು ತೊಳೆಯದೆ ನೋಡಿದರೆ ಸುಳ್ಳು ಲೆಕ್ಕ ತೋರಿಸುತ್ತದೆ. ಮಿಷನ್ ಇಲ್ಲದಿದ್ದರೆ ಅದನ್ನು ಹುಡುಕುತ್ತ ಹೊತ್ತು ಕಳೆಯಬೇಡಿ. ಸಕ್ಕರೆ ಇಳಿದಿರಲಿಲ್ಲ ಎಂದೇ ಇಟ್ಟುಕೊಳ್ಳಿ, ಮೂರು ಚಮಚ ಸಕ್ಕರೆಯಿಂದ ದೊಡ್ಡವರಿಗೆ ಆ ಹೊತ್ತಿನಲ್ಲಿ ಆಗುವ ಕೇಡು ಬಹಳ ಸಣ್ಣದು. ಇಳಿದಿದ್ದು ಕೊಡದೆ ಹೋದರೆ ಆಗುವುದು ಸಣ್ಣದಲ್ಲ.

ಎಷ್ಟು ಕೊಡಬೇಕು? ದೊಡ್ಡವರಿಗೆ ಹದಿನೈದು ಗ್ರಾಂ: ಮೂರು ಚಹಾ ಚಮಚ ಸಕ್ಕರೆ, ಇಲ್ಲವೆ ಅಷ್ಟೇ ಗ್ಲುಕೋಸ್ ಪುಡಿ, ನೀರಿನಲ್ಲಿ ಕರಗಿಸಿ. ಹಣ್ಣಿನ ರಸದ ಸಣ್ಣ ಪೊಟ್ಟಣವೂ ಆದೀತು. ಬೆಲ್ಲವೂ ನಡೆಯುತ್ತದೆ, ಕುಟ್ಟಿ ನೀರಿಗೆ ಹಾಕಿದರೆ ಚೆನ್ನ. ಹದಿನೈದು ನಿಮಿಷ ಕಾಯಿರಿ, ಮತ್ತೆ ನೋಡಿ. ಇನ್ನೂ 70 ದಾಟದಿದ್ದರೆ ಅಷ್ಟನ್ನೇ ಮತ್ತೆ ಕೊಡಿ. ಸರಿಯಾದ ಮೇಲೆ ಒಂದು ರೊಟ್ಟಿ ಪಲ್ಯವನ್ನೋ ಒಂದು ಹಿಡಿ ಅನ್ನ ಮೊಸರನ್ನೋ ಉಣಿಸಿ, ಇಲ್ಲದಿದ್ದರೆ ಮತ್ತೆ ಇಳಿಯಬಹುದು. ಕ್ರಮ ಇದೇ ಇರಲಿ. ಮೊದಲೇ ರೊಟ್ಟಿ ಕೊಟ್ಟರೆ ಆಗದು. ಜೋಳದ ರೊಟ್ಟಿ ನಿಧಾನಕ್ಕೆ ಕರಗುವ ಆಹಾರ, ಬೇರೆ ದಿನಗಳಲ್ಲಿ ನಮಗೆ ಒಳ್ಳೆಯದಾಗುವುದೂ ಅದೇ ಕಾರಣಕ್ಕೆ. ಪೇಢಾ, ಚಾಕಲೇಟ್, ಗಟ್ಟಿ ಹಾಲು ಕೂಡ ಹಾಗೆಯೇ. ಅವುಗಳ ಜಿಡ್ಡು ಸಕ್ಕರೆಯನ್ನು ತಡೆದು ಹಿಡಿಯುತ್ತದೆ. ‘ಶುಗರ್ ಫ್ರೀ’ ಎಂದು ಬರೆದದ್ದು ಯಾವುದೂ ಆ ಹೊತ್ತಿಗೆ ಕೆಲಸಕ್ಕೆ ಬಾರದು.

ಒಂದು ವಿಷಯ ಬಹಳ ಮನೆಗಳಿಗೆ ಗೊತ್ತಿಲ್ಲ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಔಷಧಿ ಇರುವ ಗುಳಿಗೆಯನ್ನು ನಿಮ್ಮವರು ನುಂಗುತ್ತಿದ್ದರೆ ಅಡುಗೆಮನೆಯ ಸಕ್ಕರೆ ಬೇಗ ಹತ್ತುವುದಿಲ್ಲ. ಕರುಳಿನಲ್ಲಿ ಸಕ್ಕರೆ ಒಡೆದು ರಕ್ತಕ್ಕೆ ಸೇರುವುದನ್ನೇ ತಡ ಮಾಡುವುದು ಆ ಔಷಧಿಯ ಕೆಲಸ. ಅಂಥವರಿಗೆ ಗ್ಲುಕೋಸ್ ಪುಡಿಯೇ ಬೇಕು, ಅದಕ್ಕೆ ಒಡೆಯುವ ಅಗತ್ಯ ಇಲ್ಲ. ನಮ್ಮ ಊರುಗಳ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುವ ಪೊಟ್ಟಣ ಅದು. ಒಂದನ್ನು ತಂದು ಸಕ್ಕರೆ ಡಬ್ಬಿಯ ಪಕ್ಕ ಇಡಿ.

ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ. ನೀರೂ ಬೇಡ, ಚಮಚವೂ ಬೇಡ. ಅದು ಉಸಿರಿನ ಕೊಳವೆಗೆ ಇಳಿದರೆ ಉಸಿರೇ ಕಟ್ಟುತ್ತದೆ. ಎಡ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯೊಳಗೆ ಕಟ್ಟಿದ ಹಲ್ಲು ಇದ್ದರೆ ಬೆರಳಿಗೆ ಕಚ್ಚಿಸಿಕೊಳ್ಳದಂತೆ ತೆಗೆಯಿರಿ, 108ಕ್ಕೆ ಫೋನ್ ಮಾಡಿ. ಫೋನಿನಲ್ಲಿ ‘ಚಕ್ಕರ್ ಬಂದು ಬಿದ್ದಾರ’ ಎನ್ನಬೇಡಿ. ‘ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋತಾರೆ, ಪ್ರಜ್ಞೆ ಇಲ್ಲ’ ಎಂದೇ ಹೇಳಿ. ರಕ್ತನಾಳಕ್ಕೆ ಗ್ಲುಕೋಸ್ ಹೋದರೆ ಕೆಲವೇ ನಿಮಿಷದಲ್ಲಿ ಕಣ್ಣು ಬಿಡುವವರು ಇವರು. ಫಿಟ್ಸ್ ಬಂದಾಗ ಚಪ್ಪಲಿ, ಈರುಳ್ಳಿ ಮೂಸಿಸುವುದು ಬೇಡ. ನಡುರಾತ್ರಿ ಅವ್ವ ಏನೇನೋ ಬಡಬಡಿಸಿದರೆ ಗಾಳಿ ಬಡಿದಿದೆ, ಮೈಯಲ್ಲಿ ಬಂದಿದೆ ಎಂದು ಬೆಳಗಿನ ತನಕ ನಿಂಬೆಹಣ್ಣು ಇಳಿತೆಗೆಯುತ್ತ ಕೂರಬೇಡಿ. ಗುಡಿಗೆ ಹೋಗಿ, ದರ್ಗಾಕ್ಕೆ ಹೋಗಿ. ಯಾರ ನಂಬಿಕೆಗೂ ನಾನು ಅಡ್ಡ ಬರುವುದಿಲ್ಲ. ಬೆರಳು ಚುಚ್ಚಿ ನೋಡಿ ಹೋಗಿ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ಮಳೆಗಾಲದಲ್ಲಿ ಇನ್ನೊಂದು ಚಿಂತೆ. ಕಾಗಿಣಾ ನದಿ ತುಂಬಿ ದಂಡೋತಿ ಸೇತುವೆ ಮುಳುಗಿತೆಂದರೆ ಕಾಳಗಿಗೂ ಚಿತ್ತಾಪುರಕ್ಕೂ ನಡುವಿನ ದಾರಿ ಕಡಿಯುತ್ತದೆ. ಮಳಖೇಡದಲ್ಲೂ ಇದೇ ಪಾಡು ಎಷ್ಟೋ ಸಲ. ನದಿ ಏರುತ್ತಿದೆ ಎಂದು ಗೊತ್ತಾದ ದಿನ ಮನೆಯಲ್ಲಿ ಗ್ಲುಕೋಸ್ ಇದೆಯೇ, ಸಮೀಪದ ಸರ್ಕಾರಿ ದವಾಖಾನೆಗೆ ಹೋಗಲು ನೀರಿಲ್ಲದ ದಾರಿ ಯಾವುದು ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಇನ್ನು ಗುಳಿಗೆಯ ಮಾತು. ಇಲ್ಲಿ ನಿಮ್ಮ ತಾಳ್ಮೆ ಬೇಡುತ್ತೇನೆ, ಯಾಕೆಂದರೆ ಹೆಚ್ಚು ಅನಾಹುತ ಆಗುವುದು ಇನ್ಸುಲಿನ್ನಿಗೆ ಹೆದರುವ, ಗುಳಿಗೆಗೆ ಹೆದರದ ಮನೆಗಳಲ್ಲಿ ಎಂಬುದು ನಾನು ಕಂಡುಕೊಂಡದ್ದು. ಇನ್ಸುಲಿನ್ ಬಗ್ಗೆಯಾದರೂ ಡಾಕ್ಟರು ಎಚ್ಚರ ಹೇಳಿರುತ್ತಾರೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಕೊಟ್ಟ ವರ್ಷವೇ, ಈ ಔಷಧಿ ಹೆಚ್ಚಾದರೆ ಸಕ್ಕರೆ ತೀರಾ ಇಳಿಯುತ್ತದೆ ಎಂಬುದೂ ವೈದ್ಯರಿಗೆ ಗೊತ್ತಾಗಿತ್ತು. ಗುಳಿಗೆಗಳಲ್ಲಿ ಎಲ್ಲವೂ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ಹೀಗೆ ಇಳಿಯುವುದು ಬಹಳ ಅಪರೂಪ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಗುಳಿಗೆಗಳು ಬೇರೆ ಜಾತಿಯವು. ಇವು ಮೇದೋಜೀರಕ ಗ್ರಂಥಿಯನ್ನು ತಟ್ಟಿ ಇನ್ಸುಲಿನ್ ಬಿಡಿಸುತ್ತವೆ. ನೀವು ಉಂಡಿರಿ, ಉಪವಾಸ ಇರಿ, ಅವು ತಟ್ಟುತ್ತಲೇ ಇರುತ್ತವೆ. ಅದರಲ್ಲೂ ಗ್ಲಿಬೆನ್‌ಕ್ಲಮೈಡ್ ಮೈಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಅರವತ್ತು ದಾಟಿದವರಿಗೆ ಅದು ತಕ್ಕುದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಬರೆದಿದೆ. ಮೂತ್ರಪಿಂಡ ಸೋತವರಲ್ಲಿ ಇಂಥ ಗುಳಿಗೆಯೂ ಇನ್ಸುಲಿನ್ನೂ ಎರಡೂ ಹೊರಗೆ ಹೋಗದೆ ಉಳಿದುಬಿಡುತ್ತವೆ. ‘ಮೊದಲಿನ ಡೋಸೇ ಅದ, ಈಗ ಯಾಕ ಹಿಂಗ ಇಳೀತದ?’ ಎಂದು ಕೇಳುವವರ ಮನೆಯಲ್ಲಿ ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ನೋಡಬೇಕು.

ಈ ಜಾತಿಯ ಗುಳಿಗೆಯಿಂದ ಸಕ್ಕರೆ ಇಳಿದಿದ್ದರೆ ಲೋಟದ ನೀರಿನಿಂದ ಚೇತರಿಸಿಕೊಂಡರೂ ಕಥೆ ಮುಗಿಯಲಿಲ್ಲ. ಔಷಧಿ ಇನ್ನೂ ಒಳಗೇ ಇದೆ. ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು, ಮಾರನೆ ದಿನವೂ ಇಳಿಯಬಹುದು. ದವಾಖಾನೆಯಲ್ಲಿ ಒಂದು ಬಾಟಲಿ ಗ್ಲುಕೋಸ್ ಏರಿಸಿದ ಮೇಲೆ ‘ಆರಾಮ ಆದರು, ಮನಿಗಿ ಒಯ್ತೀವಿ’ ಎಂದು ಹಟ ಮಾಡಬೇಡಿ. ಒಂದು ಹಗಲು ಒಂದು ರಾತ್ರಿ ಇಟ್ಟುಕೊಳ್ಳುತ್ತೇವೆ ಎಂದು ಡಾಕ್ಟರು ಹೇಳಿದರೆ ಅದಕ್ಕೆ ಕಾರಣ ಇದು.

ಜಾತ್ರೆಯಲ್ಲಿ, ಸಂತೆಯಲ್ಲಿ ‘ಶುಗರ್ ಬೇರು ಸಹಿತ ಕೀಳ್ತದ’ ಎಂದು ಮಾರುವ ಪುಡಿಗಳ ವಿಷಯದಲ್ಲೂ ಜೋಕೆ. ಇಂಥ ಕೆಲವು ಪುಡಿಗಳಲ್ಲಿ ಇವೇ ಇಂಗ್ಲಿಷ್ ಗುಳಿಗೆಗಳನ್ನು ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ.

ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದ ಮಕ್ಕಳೇ, ಈ ಮಾತು ನಿಮಗೆ. ನಮ್ಮ ಹಳ್ಳಿ, ತಾಂಡಾಗಳಲ್ಲಿ ಹಬ್ಬ ಮುಗಿದ ಮೇಲೆ ಉಳಿಯುವವರು ಮುದುಕರು. ರಾತ್ರಿ ಫೋನ್ ಮಾಡಿ ನೀವು ಕೇಳುವ ಮೊದಲ ಮಾತು ‘ಗುಳಿಗಿ ತಗೊಂಡ್ಯಾ ಅವ್ವ?’ ಎಂಬುದು. ಅವ್ವ ತಗೊಂಡಿರುತ್ತಾಳೆ, ಮಗ ಕೇಳುತ್ತಾನೆಂದೇ ತಗೊಂಡಿರುತ್ತಾಳೆ. ಉಂಡಿರುವುದಿಲ್ಲ. ಒಬ್ಬಳಿಗೇ ಯಾಕೆ ಒಲೆ ಹಚ್ಚುವುದು ಎಂದು ಒಂದು ಕಪ್ ಚಹಾ ಕುಡಿದು ಮಲಗಿರುತ್ತಾಳೆ. ಮೊದಲು ‘ಉಂಡ್ಯಾ ಅವ್ವ?’ ಎಂದು ಕೇಳಿ. ಏನು ಉಂಡೆ, ಎಷ್ಟು ಉಂಡೆ ಎಂದು ಕೇಳಿ. ಇಲ್ಲ ಎಂದರೆ ಆ ಹೊತ್ತಿನ ಗುಳಿಗೆ ಏನು ಮಾಡಬೇಕು ಎಂಬುದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿ ಬರೆಸಿಟ್ಟುಕೊಂಡಿರಿ. ಪಕ್ಕದ ಮನೆಯ ಒಬ್ಬರ ನಂಬರ್ ನಿಮ್ಮ ಫೋನಿನಲ್ಲಿ ಇರಲಿ. ನೀವು ಮಾಡಿದ ಕರೆಯನ್ನು ಬೆಳಿಗ್ಗೆ ಅವ್ವ ಎತ್ತದಿದ್ದರೆ ಅವರು ಹೋಗಿ ಬಾಗಿಲು ಬಡಿಯಲಿ.

ರಾತ್ರಿಯ ಇಳಿತ ಎಲ್ಲಕ್ಕಿಂತ ಕೆಟ್ಟದ್ದು, ನೋಡುವವರೂ ನಿದ್ದೆಯಲ್ಲಿರುತ್ತಾರೆ. ಕೆಟ್ಟ ಕನಸು ಬಿದ್ದು ಚೀರುವುದು, ಅಂಗಿ ಹಾಸಿಗೆ ತೊಯ್ದಿರುವುದು, ಬೆಳಿಗ್ಗೆ ಎದ್ದಾಗ ತಲೆಶೂಲೆ, ಮಂಕು: ಇವನ್ನು ಕಂಡರೆ ಒಂದೆರಡು ದಿನ ನಡುರಾತ್ರಿ ಎರಡು ಮೂರು ಗಂಟೆಗೆ ಎಬ್ಬಿಸಿ ಚುಚ್ಚಿ ನೋಡಿ. ಮೈಮುರಿದು ದುಡಿದ ದಿನ ಇದು ಹೆಚ್ಚು. ತೊಗರಿ ರಾಶಿಯ ಕಾಲದಲ್ಲಿ ಹೊಲದಲ್ಲಿ ಹಗಲೆಲ್ಲ ಬಗ್ಗಿದ ಹೆಣ್ಣುಮಕ್ಕಳಿಗೆ, ಶಹಾಬಾದಿನ ಪರಸಿ ಗಣಿಯಲ್ಲಿ ಕಲ್ಲು ಎತ್ತಿದವರಿಗೆ ಹಗಲು ಏನೂ ಆಗಿರುವುದಿಲ್ಲ. ಸೋತ ಸ್ನಾಯುಗಳು ರಾತ್ರಿಯೆಲ್ಲ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಅಂಥ ದಿನ ಮಲಗುವ ಮುಂಚೆ ಏನಾದರೂ ಉಣಿಸಿ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಊಟದ ಹೊತ್ತು ವಾರವಾರಕ್ಕೆ ಬದಲಾಗುತ್ತದೆ. ಪಾಳಿ ಬದಲಾದರೆ ಇನ್ಸುಲಿನ್ ಹೊತ್ತೂ ಬದಲಾಗಬೇಕು, ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಬುತ್ತಿ ಕಟ್ಟುವಾಗ ಗ್ಲುಕೋಸ್ ಪೊಟ್ಟಣವನ್ನೂ ಕಟ್ಟಿ, ಜೊತೆಗೆ ದುಡಿಯುವ ಒಬ್ಬರಿಗಾದರೂ ಅದು ಯಾಕೆಂದು ಗೊತ್ತಿರಲಿ.

ನಮ್ಮ ಬೇಸಿಗೆಯನ್ನು ಮರೆಯುವಂತಿಲ್ಲ. ಬಿಸಿಲು 42, 43 ಡಿಗ್ರಿ ಮುಟ್ಟಿದ ದಿನ ಚುಚ್ಚಿದ ಇನ್ಸುಲಿನ್ನನ್ನು ಮೈ ಬೇಗ ಒಳಗೆ ಎಳೆದುಕೊಳ್ಳುತ್ತದೆ. ಉಷ್ಣಕ್ಕೆ ಹಸಿವೂ ಸತ್ತಿರುತ್ತದೆ. ಎರಡೂ ಕೂಡಿದರೆ ಇಳಿಯದೆ ಏನಾದೀತು?

ಸಿರಿಂಜ್ ಕೊಳ್ಳುವಾಗ ಮುಚ್ಚಳದ ಬಣ್ಣ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಸೀಸೆಯ ಮೇಲೆ ಒಂದು ಎಂಎಲ್‌ಗೆ 40 ಯೂನಿಟ್ ಎಂದಿರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ಟಿನದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ಹತ್ತಲ್ಲ, ಇಪ್ಪತ್ತೈದು ಯೂನಿಟ್. ಕನ್ನಡಕ ಇಲ್ಲದೆ ಅಜ್ಜನ ಕೈಗೆ ಇದನ್ನು ಬಿಡಬೇಡಿ. ಮನೆಯ ಹೈಸ್ಕೂಲ್ ಹುಡುಗಿ ಒಮ್ಮೆ ನೋಡಿ ‘ಸರಿ ಅದ’ ಎಂದರೆ ಸಾಕು.

ಉಪವಾಸದ ಬಗ್ಗೆ ಬರೆಯಲು ನನಗೆ ಅಳುಕಿದೆ, ಆದರೂ ಬರೆಯಬೇಕು. ಶ್ರಾವಣ ಸೋಮವಾರ, ಶಿವರಾತ್ರಿ, ಏಕಾದಶಿ, ರಂಜಾನ್ ರೋಜಾ, ಇವುಗಳಲ್ಲಿ ಎಷ್ಟೋ ಮನೆಗಳ ಹಿರಿಯರು ಊಟ ಬಿಡುತ್ತಾರೆ, ಗುಳಿಗೆ ಬಿಡುವುದಿಲ್ಲ. ಉಪವಾಸಕ್ಕೆ ಮುಂಚೆಯೇ, ರೋಜಾಕ್ಕಾದರೆ ಒಂದೆರಡು ತಿಂಗಳು ಮೊದಲೇ, ಡಾಕ್ಟರನ್ನು ಕಂಡು ಡೋಸ್ ಬದಲಿಸಿಕೊಳ್ಳಬೇಕು. ರೋಜಾದಲ್ಲಿ ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುವುದಿಲ್ಲ ಎಂಬುದು ಧಾರ್ಮಿಕ ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಮಾತು. ಸಕ್ಕರೆ 70ಕ್ಕಿಂತ ಇಳಿದರೆ, ಇಲ್ಲವೆ 300 ದಾಟಿದರೆ ಆ ದಿನದ ರೋಜಾ ಬಿಡಬೇಕು ಎಂಬುದು ವೈದ್ಯರ ಅಂತರರಾಷ್ಟ್ರೀಯ ಮಾರ್ಗಸೂಚಿ. ಕಾಯಿಲೆಯವರಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ. ಅಜ್ಜಿ ಅದನ್ನು ಒಪ್ಪಬೇಕಾದರೆ ಅವಳ ಪ್ರೀತಿಯ ಮಗನೋ ಮಗಳೋ ಕೂತು ಹೇಳಬೇಕು, ಡಾಕ್ಟರು ಹೇಳಿದರೆ ಸಾಲದು.

ಮದುವೆ ಮನೆಯಲ್ಲಿ ಅಕ್ಷತೆ ತಡವಾಗುತ್ತದೆ, ಊಟ ಮೂರು ಗಂಟೆಗೆ ಇಳಿಯುತ್ತದೆ. ಎಲೆ ಹಾಕಿದ ಮೇಲೆಯೇ ಇನ್ಸುಲಿನ್. ಇನ್ನು ಕುಡಿಯುವ ಗಂಡಸರಿಗೆ ಒಂದೇ ಮಾತು: ಶೆರೆ ಹೊಟ್ಟೆಯಲ್ಲಿದ್ದರೆ ಪಿತ್ತಜನಕಾಂಗ ಹೊಸ ಸಕ್ಕರೆ ತಯಾರಿಸುವುದನ್ನು ನಿಲ್ಲಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದು ಇನ್ಸುಲಿನ್ ತೆಗೆದುಕೊಂಡವರು ಮಲಗಿದಲ್ಲೇ ಉಳಿದುಬಿಡಬಹುದು.

ಕುಡಿಯದವರೂ ಕುಡಿದವರಂತೆ ಕಾಣುತ್ತಾರೆ ಎಂಬುದು ಇನ್ನೊಂದು ಸಂಕಟ. ಒಂದು ಬಸ್ ನಿಲ್ದಾಣದಲ್ಲಿ ಕಂಡದ್ದು: ನಡುವಯಸ್ಸಿನ ಒಬ್ಬರು ಕಂಬಕ್ಕೆ ಒರಗಿ ನಿಂತು, ನಿಲ್ಲಲಾಗದೆ ಜಾರಿ ಕೂತರು. ‘ಬೆಳಬೆಳಿಗ್ಗೇನೇ ಹಾಕ್ಯಾನ’ ಎಂದು ಜನ ದೂರ ಸರಿದರು. ಚಹಾ ಅಂಗಡಿಯ ತಮ್ಮ ಹತ್ತಿರ ಹೋಗಿ ಬಾಯಿ ಮೂಸಿ ನೋಡಿ, ‘ವಾಸನಿ ಇಲ್ರಿ, ಬೆವರ ನೋಡ್ರಿ’ ಎಂದ. ಅಂಗಿಯ ಜೇಬಿನಲ್ಲಿ ಡಾಕ್ಟರ ಚೀಟಿ ಇತ್ತು. ಇನ್ನೂ ನುಂಗುವ ಎಚ್ಚರ ಇತ್ತು. ಅವನೇ ಸಕ್ಕರೆ ನೀರು ಕುಡಿಸಿದ. ಆ ಚೀಟಿ ಜೇಬಿನಲ್ಲಿ ಇರದಿದ್ದರೆ ಅಲ್ಲಿ ಕೂಡಿದವರಿಗೆ ತಿಳಿಯುತ್ತಿರಲಿಲ್ಲ. ನಿಮ್ಮವರು ಮನೆ ಬಿಡುವಾಗ ಜೇಬಿನಲ್ಲೋ ಕುಪ್ಪಸದ ಚೀಲದಲ್ಲೋ ಒಂದು ಚೀಟಿ ಇಡಿ: ‘ನನಗೆ ಸಕ್ಕರೆ ಕಾಯಿಲೆ ಇದೆ. ಮಂಕಾಗಿದ್ದರೆ ಸಕ್ಕರೆ ನೀರು ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಏನೂ ಕೊಡದೆ 108ಕ್ಕೆ ಕರೆ ಮಾಡಿ.’ ಕೆಳಗೆ ನಿಮ್ಮ ಫೋನ್ ನಂಬರ್. ಬೈಕ್, ಆಟೋ, ಟ್ರ್ಯಾಕ್ಟರ್ ಓಡಿಸುವವರಾದರೆ ಕೀಲಿ ತಿರುವುವ ಮುಂಚೆ ಸಕ್ಕರೆ ನೋಡಿಕೊಳ್ಳುವಂತೆ ನೀವೇ ಹಟ ಹಿಡಿಯಿರಿ.

ಮಗುವಿಗೆ ಟೈಪ್ 1 ಎಂಬ ಬಗೆಯ ಸಕ್ಕರೆ ಕಾಯಿಲೆ ಇದ್ದರೆ ತಂದೆತಾಯಿ ಶಾಲೆಗೆ ಹೋಗಿ ಮುಖ್ಯ ಗುರುಗಳ ಹತ್ತಿರ ನೇರವಾಗಿ ಮಾತಾಡಿ, ಮುಚ್ಚಿಡಬೇಡಿ. ಪಾಠದ ನಡುವೆ ಬಿಸ್ಕೀಟು ತಿನ್ನಲು ಬಿಡಿ, ಆಟದ ಪಿರಿಯಡ್ಡಿಗೆ ಮುಂಚೆ ಏನಾದರೂ ತಿನ್ನಿಸಿ, ಮಂಕಾದರೆ ಒಂಟಿಯಾಗಿ ಆಫೀಸ್ ರೂಮಿಗೆ ಕಳಿಸಬೇಡಿ ಎಂದು ಕೇಳಿಕೊಳ್ಳಿ. ಮೂವತ್ತು ನಲವತ್ತು ಮಕ್ಕಳ ತರಗತಿ ನಡೆಸಿದವಳಾಗಿ ಹೇಳುತ್ತೇನೆ, ಹೇಳಿದರೆ ಯಾವ ಗುರುವೂ ಇಲ್ಲ ಅನ್ನುವುದಿಲ್ಲ. ಹೇಳದಿದ್ದರೆ ಅವರಿಗೆ ತಿಳಿಯುವ ಬಗೆ ಇಲ್ಲ. ಸಿಬಿಎಸ್‌ಇ 2017ರಿಂದಲೇ ಇಂಥ ಮಕ್ಕಳಿಗೆ ಪರೀಕ್ಷಾ ಕೊಠಡಿಯೊಳಗೆ ತಿನಿಸು ಒಯ್ಯಲು ಅನುಮತಿ ಕೊಟ್ಟಿದೆ.

ಪದೇ ಪದೇ ಸಕ್ಕರೆ ಇಳಿದವರ ಮೈ ಎಚ್ಚರಿಕೆ ಕೊಡುವುದನ್ನೇ ಬಿಡುತ್ತದೆ ಎಂಬುದನ್ನೂ ನೀವು ತಿಳಿದಿರಬೇಕು. ಬೆವರಿಲ್ಲ, ನಡುಕವಿಲ್ಲ, ನೇರವಾಗಿ ಮಂಕು. ಬಿಪಿಗೆಂದು ಕೊಡುವ ಕೆಲವು ಗುಳಿಗೆಗಳೂ ನಡುಕ, ಎದೆಬಡಿತ ಮುಚ್ಚಿಹಾಕುತ್ತವೆ. ಹಾಗಾಗಿ ಪ್ರತಿ ಸಲ ಇಳಿದಾಗ ತಾರೀಖು, ಹೊತ್ತು, ಎಷ್ಟಿತ್ತು, ಅದಕ್ಕೆ ಮುಂಚೆ ಏನು ಉಂಡಿದ್ದರು ಎಂದು ಕ್ಯಾಲೆಂಡರಿನ ಮೇಲೆಯೇ ಬರೆಯಿರಿ. ಅದನ್ನು ಡಾಕ್ಟರ ಮುಂದೆ ಇಟ್ಟು ಕೇಳಿ: ‘ನಮ್ಮ ಅಪ್ಪಾಜಿಗೆ ಈ ವಯಸ್ಸಿನಲ್ಲಿ ಎಷ್ಟಿದ್ದರೆ ಸಾಕು?’ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಗಟ್ಟಿಮುಟ್ಟಾದ ಪ್ರಾಯದವರಿಗೆ 7ರ ಗುರಿ ಇಟ್ಟರೆ, ಸೋತ ಮುದುಕರಿಗೆ 8ರ ಆಸುಪಾಸು ಇದ್ದರೂ ನಡೆಯುತ್ತದೆ ಎಂಬುದು ಈಗ ವೈದ್ಯರು ಒಪ್ಪಿದ ಮಾತು. ಎಂಬತ್ತರ ಅಜ್ಜಿಯ ಲೆಕ್ಕವನ್ನು ನೂರಕ್ಕೆ ಇಳಿಸಬೇಕೆಂದು ನೀವೇ ಡಾಕ್ಟರಿಗೆ ದುಂಬಾಲು ಬೀಳುವುದು ಬೇಡ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ, 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿ ದಾಟಿದ್ದಾರೆ ಎಂದು ಅಂದಾಜು ಮಾಡಿತು. ನಮ್ಮ ಓಣಿಗಳಲ್ಲಿ ಈ ಕಾಯಿಲೆಯವರಿಲ್ಲದ ಓಣಿ ಹುಡುಕುವುದು ಈಗ ಕಷ್ಟ. ಕಾಯಿಲೆಯವರಿಗೆ ಪಥ್ಯ ಹೇಳುವವರು ಹಾದಿಬೀದಿಗೆ ಇದ್ದಾರೆ. ಇಳಿದಾಗ ಲೋಟ ಹಿಡಿಯುವವರು ನೀವು ಮಾತ್ರ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮವರ ಗುಳಿಗೆ ಡಬ್ಬಿ ತೆಗೆಯಿರಿ, ಹಾಳೆಯ ಹಿಂದೆ ಬರೆದ ಔಷಧಿಯ ಹೆಸರನ್ನು ಮನೆಯಲ್ಲಿ ಓದು ಬಲ್ಲವರಿಂದ ಓದಿಸಿ. ಮೆಟ್‌ಫಾರ್ಮಿನ್ ಬಿಟ್ಟು ಮೇಲೆ ನಾನು ಬರೆದ ಹೆಸರುಗಳಲ್ಲಿ ಒಂದಾದರೂ ಇದ್ದರೆ, ಇಲ್ಲವೆ ಇನ್ಸುಲಿನ್ ಇದ್ದರೆ, ನಾಳೆ ಬೆಳಿಗ್ಗೆಯೇ ಒಂದು ಗ್ಲುಕೋಸ್ ಪೊಟ್ಟಣ ತನ್ನಿ. ಅದು ಎಲ್ಲಿದೆ, ಎಷ್ಟು ಕೊಡಬೇಕು ಎಂದು ಮನೆಯ ಮಕ್ಕಳಿಗೂ ತೋರಿಸಿ. ಯಾವಾಗ ಕೊಡಬಾರದು ಎಂಬುದನ್ನೂ ಮರೆಯದೆ ಹೇಳಿಕೊಡಿ.

ಇಂತಿ,
ನಿಮ್ಮ ವಿಶ್ವಾಸಿ,
ಕಾಳಗಿಯ ಒಬ್ಬ ನಿವೃತ್ತ ಶಿಕ್ಷಕಿ